ಲಿಂಕನ್ನನ ಅಪ್ಪ ಕಳೆದುಕೊಂಡ ಜಮೀನುಗಳು

ಹೋದ ತಿಂಗಳು ಮನೆ ಕೊಂಡೆ. (ಕೊಂಡೆ ಅನ್ನೋದು ಹೆಸರಿಗೆ ಮಾತ್ರ. ಮೂವತ್ತು ವರ್ಷ ಅದು ಬ್ಯಾಂಕಿನವರ ಮನೆ, ನಾನು ಹುಲ್ಲು ಕತ್ತರಿಸಿಕೊಂಡಿರುವ ಕಾವಲುಗಾರ!) ಕೆಂಟಕಿ ರಾಜ್ಯದ ಲೂಯಿವಿಲ್ ಊರಿನ ಪೂರ್ವದ ಅಂಚಿನಲ್ಲಿ ಒಂದು ಸಣ್ಣ ಮನೆ. ರಿಜಿಸ್ಟರ್ ಆಗುವ ದಿನ ವಕೀಲರ ಆಫೀಸಿನಲ್ಲಿ ಕೂತು ಕೈ ನೋಯುವಷ್ಟು ಸಹಿ ಹಾಕಿದ್ದಾಯ್ತು. ಖರ್ಚಿನ ಪಟ್ಟಿಯಲ್ಲಿ ಒಂದು ಬಾಬತ್ತು ಮಾತ್ರ ಕಣ್ಣಿಗೆ ಚುಚ್ಚಿತು. ಟೈಟಲ್ ಇನ್ಶೂರೆನ್ಸ್. ಅಂದರೆ ಹಕ್ಕುಪತ್ರಕ್ಕೆ ವಿಮೆ.

ಮನೆಗೆ ಬೆಂಕಿ ಬಿದ್ದರೆ, ಕಾರು ಗುದ್ದಿದರೆ, ಮನುಷ್ಯ ಸತ್ತರೆ ವಿಮೆ ಇರುತ್ತದೆ. ಅವೆಲ್ಲ ಮುಂದೆ ಆಗಬಹುದಾದದ್ದು. ಇದು ಹಾಗಲ್ಲ. ಹಿಂದೆ ಯಾವತ್ತೋ, ಯಾರೋ, ತನ್ನದಲ್ಲದ್ದನ್ನು ಮಾರಿದ್ದರೆ, ಯಾವುದೋ ಸಹಿ ಬಿಟ್ಟುಹೋಗಿದ್ದರೆ, ಅದಕ್ಕೆ ಈಗ ವಿಮೆ. ಆಗಿಹೋದದ್ದಕ್ಕೆ ವಿಮೆ ಕಟ್ಟುತ್ತಿದ್ದೇನಲ್ಲ ಅಂತ ನಗು ಬಂತು. ವಕೀಲರಿಗೆ ಹಾಗೇ ಹೇಳಿದೆ. ಅವರೇನೂ ನಗಲಿಲ್ಲ. "ಇದು ಕೆಂಟಕಿ ಸ್ವಾಮಿ, ಇಲ್ಲಿ ಅಬ್ರಹಾಂ ಲಿಂಕನ್ನನ ಅಪ್ಪನೇ ಮೂರು ಸಲ ಜಮೀನಿನ ತಕರಾರಿಗೆ ಸಿಕ್ಕಿ ಊರು ಬಿಟ್ಟ" ಅಂದರು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅದಕ್ಕೊಂದು ಕಾರಣವೂ ಇದೆ. ಊರಿನಲ್ಲಿ ನಮ್ಮಪ್ಪನಿಗೂ ಪಕ್ಕದ ಜಮೀನಿನವರಿಗೂ ಒಂಬತ್ತು ಗುಂಟೆಯ ತಕರಾರು ಹನ್ನೊಂದು ವರ್ಷದಿಂದ ನಡೀತಾ ಇದೆ. ನಮ್ಮ ಕ್ರಯಪತ್ರದ ಚಕ್ಕುಬಂದಿ ಹೀಗಿದೆ: ಪೂರ್ವಕ್ಕೆ ಇಂಥವರ ಹೊಲ, ದಕ್ಷಿಣಕ್ಕೆ ಗಾಡಿ ದಾರಿ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಹುಣಸೆ ಮರ. ಪತ್ರ ಬರೆಸಿದ್ದು ನಮ್ಮಜ್ಜ. ಆಮೇಲೆ ಆ ಹಳ್ಳ ತನ್ನ ಪಾಡಿಗೆ ತಾನು ಸ್ವಲ್ಪ ಪಕ್ಕಕ್ಕೆ ಸರಿಯಿತು. ಹಳ್ಳಕ್ಕೆ ಕ್ರಯಪತ್ರ ಓದಲು ಬರುವುದಿಲ್ಲವಲ್ಲ! ಅಜ್ಜನ ಹಳ್ಳ ಎಲ್ಲಿತ್ತು ಅನ್ನೋದೇ ಈಗ ಪ್ರಶ್ನೆ. ಹಾಗಾಗಿ ವಕೀಲರು ಹೇಳಿದ ಲಿಂಕನ್ನನ ಅಪ್ಪನ ಕಥೆ ನನಗೆ ಪರದೇಶದ ಕಥೆ ಅನ್ನಿಸಲೇ ಇಲ್ಲ. ಹುಡುಕಿ ಓದಿದೆ. ಓದಿದ್ದನ್ನು ನಿಮಗೂ ಹೇಳೋಣ ಅಂತ.

* * *

ಕೆಂಟಕಿ ಅನ್ನುವ ರಾಜ್ಯ ಹುಟ್ಟಿದ್ದು 1792ರಲ್ಲಿ. ಅದಕ್ಕೂ ಮೊದಲು ಅದು ವರ್ಜೀನಿಯಾದ ಹಿತ್ತಿಲು. ಅಪಲೇಚಿಯನ್ ಬೆಟ್ಟಸಾಲಿನ ಆಚೆಗಿನ ಕಾಡು. ಬ್ರಿಟಿಷ್ ದೊರೆ 1763ರಲ್ಲೇ ಬೆಟ್ಟ ದಾಟಿ ಯಾರೂ ನೆಲೆಸಬಾರದು ಅಂತ ಆಜ್ಞೆ ಹೊರಡಿಸಿದ್ದ. ಕೇಳಿದವರು ಯಾರು? ಜನ ಹೋದರು, ಮರ ಕಡಿದರು, ಜೋಳ ಬಿತ್ತಿದರು. ಸ್ವಾತಂತ್ರ್ಯ ಯುದ್ಧದ ನಡುವೆ ವರ್ಜೀನಿಯಾ ಸರ್ಕಾರಕ್ಕೆ ಹಣ ಬೇಕಾಯಿತು. ಹಣ ಇರಲಿಲ್ಲ, ಕಾಡು ಬೇಕಾದಷ್ಟಿತ್ತು. 1779ರಲ್ಲಿ ಭೂಮಿ ಕಾನೂನು ಮಾಡಿ ಮಾರಾಟಕ್ಕೆ ಇಳಿಯಿತು.

ಕಾನೂನು ಕಾಗದದ ಮೇಲೆ ನ್ಯಾಯವಾಗಿಯೇ ಇತ್ತು. 1778ರ ಜನವರಿ 1ಕ್ಕೆ ಮೊದಲೇ ಅಲ್ಲಿ ಒಂದು ವರ್ಷ ವಾಸವಿದ್ದವರಿಗೆ ಅಥವಾ ಒಂದು ಬೆಳೆ ಜೋಳ ತೆಗೆದವರಿಗೆ 400 ಎಕರೆ. ಅದಕ್ಕೆ ಹೊಂದಿಕೊಂಡಂತೆ ಇನ್ನೂ 1000 ಎಕರೆ ಕೊಳ್ಳುವ ಮೊದಲ ಹಕ್ಕು. ಉಳಿದವರು ಖಜಾನೆಗೆ ದುಡ್ಡು ಕಟ್ಟಿ ವಾರಂಟ್ ಅನ್ನುವ ಚೀಟಿ ಕೊಳ್ಳಬೇಕು, 100 ಎಕರೆಗೆ 40 ಪೌಂಡ್. ಯುದ್ಧಕಾಲದ ಕಾಗದದ ಹಣದ ಬೆಲೆ ದಿನದಿನಕ್ಕೆ ಇಳಿಯುತ್ತಿದ್ದದ್ದರಿಂದ ಆ 40 ಪೌಂಡು ನಿಜದಲ್ಲಿ ತೀರಾ ಅಗ್ಗ. ಕಾಡನ್ನು ಕಣ್ಣಿನಲ್ಲೂ ನೋಡದ ದುಡ್ಡಿನವರು ಸಾವಿರಾರು ಎಕರೆಯ ಚೀಟಿ ಕೊಂಡು ಪೆಟ್ಟಿಗೆಯಲ್ಲಿಟ್ಟರು.

ಈಗ ಮುಖ್ಯ ವಿಷಯ. ಆ ಚೀಟಿಯಲ್ಲಿ ಎಷ್ಟು ಎಕರೆ ಅಂತ ಇರುತ್ತಿತ್ತೇ ಹೊರತು ಎಲ್ಲಿ ಅಂತ ಇರುತ್ತಿರಲಿಲ್ಲ! ಚೀಟಿ ಹಿಡಿದುಕೊಂಡು ಕಾಡಿಗೆ ಹೋಗಬೇಕು. ಇಷ್ಟವಾದ ಜಾಗ ಹುಡುಕಿ, ಕೌಂಟಿಯ ಸರ್ವೆಯರ್ ಹತ್ತಿರ 'ನನಗೆ ಇದು ಬೇಕು' ಅಂತ ಬರೆಸಬೇಕು. ಆಮೇಲೆ ಅಳತೆ ಹಾಕಿಸಬೇಕು. ಅಳತೆಯ ನಕ್ಷೆ ರಾಜಧಾನಿಗೆ ಹೋಗಿ, ಗವರ್ನರ್ ಸಹಿ ಬಿದ್ದ ಮೇಲೆ ಹಕ್ಕುಪತ್ರ. ಒಟ್ಟು ನಾಲ್ಕು ಮೆಟ್ಟಿಲು. ಯಾವ ಮೆಟ್ಟಿಲಲ್ಲಿ ಎಡವಿದರೂ ಕೆಳಗೆ. ಮಾರುವ ಮೊದಲು ಸರ್ಕಾರ ಅಳೆಯಲಿಲ್ಲ, ಕೊಂಡವರೇ ಅಳೆಸಿಕೊಳ್ಳಲಿ ಅಂತ ಬಿಟ್ಟಿತು. ನನಗೆ ತೋರುವಂತೆ ಮುಂದಿನ ಐವತ್ತು ವರ್ಷದ ಗೋಳಿಗೆಲ್ಲ ಇದೊಂದೇ ಕಾರಣ.

ಬರೆಸುವುದಾದರೂ ಹೇಗೆ? ಇಂಥ ತೊರೆಯ ಎಡದಂಡೆ, ಇಂಥವನ ಬೇಟೆಯ ಗುಡಾರದಿಂದ ಮೇಲಕ್ಕೆ, ಹೆಸರು ಕೆತ್ತಿದ ಬೀಚ್ ಮರದಿಂದ ಶುರು... ಈ ಧಾಟಿ. ಬರೆಸಿದವನಿಗೆ ಅದು ಸ್ಪಷ್ಟವೇ. ಆದರೆ ಒಂದೇ ತೊರೆಯನ್ನು ನಾಲ್ಕು ಜನ ನಾಲ್ಕು ಹೆಸರಿನಿಂದ ಕರೆಯುತ್ತಿದ್ದರು. ಬೇಟೆಯವನು ಗುಡಾರ ಎತ್ತಿಕೊಂಡು ಹೋಗಿರುತ್ತಿದ್ದ. ಎರಡನೆಯವನು ಬಂದು ಅದೇ ಕಾಡನ್ನು ಬೇರೆ ಮರದಿಂದ ಶುರುಮಾಡಿ ಬರೆಸುತ್ತಿದ್ದ. ಮೂರನೆಯವನ ಜಮೀನು ಮೊದಲಿನ ಎರಡರ ಮೇಲೂ ಅಷ್ಟಷ್ಟು ಕೂರುತ್ತಿತ್ತು. ಮಾಡಿಗೆ ಹೆಂಚು ಹೊದಿಸುವಾಗ ಒಂದರ ಮೇಲೊಂದು ಅರ್ಧರ್ಧ ಏರಿಸುತ್ತೇವಲ್ಲ, ಹಾಗೆ. ಮನೆಗೆ ಹಾಗೆ ಹೊದಿಸಿದರೆ ಮಳೆ ನೀರು ಒಳಗೆ ಬರುವುದಿಲ್ಲ. ಜಮೀನಿಗೆ ಹಾಗೆ ಹೊದಿಸಿದರೆ ವಕೀಲರು ಒಳಗೆ ಬರುತ್ತಾರೆ! ಎಲ್ಲ ಹಕ್ಕುಗಳ ಎಕರೆ ಕೂಡಿಸಿದರೆ ಕೆಂಟಕಿಯಲ್ಲಿ ಇದ್ದ ನೆಲಕ್ಕಿಂತ ಹೆಚ್ಚಾಗುತ್ತಿತ್ತು.

ಅಳತೆಯಲ್ಲೂ ತಾಪತ್ರಯ. ಸರ್ವೆಯರ್ ದಿಕ್ಸೂಚಿ ಹಿಡಿದು ನಿಲ್ಲುತ್ತಾನೆ, ಇಬ್ಬರು ಸರಪಳಿ ಎಳೆಯುತ್ತಾರೆ, ಒಬ್ಬ ಮೂಲೆಯ ಮರಕ್ಕೆ ಕೊಡಲಿಯಿಂದ ಗುರುತು ಕೊಚ್ಚುತ್ತಾನೆ. ದಿಕ್ಸೂಚಿ ತೋರಿಸುವುದು ಅಯಸ್ಕಾಂತದ ಉತ್ತರವನ್ನು, ಅದು ವರ್ಷ ಕಳೆದಂತೆ ಸರಿಯುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಸರಪಳಿ ಜೋತುಬೀಳುತ್ತದೆ. ಮೂಲೆಯ ಮರ ಸಿಡಿಲಿಗೋ ಕೊಡಲಿಗೋ ಹೋಗುತ್ತದೆ. ಎಷ್ಟೋ ಕಡೆ ಜೀವಭಯದಲ್ಲೇ ಅಳೆದದ್ದು.

ಮೊದಲು ಬರೆಸಿದ ದಾಖಲೆ ಬೇರೆಯವರು ಓದಿ ಆ ಜಾಗ ಹುಡುಕುವಷ್ಟು ಖಚಿತವಾಗಿರಬೇಕು ಅಂತ ಕಾನೂನು ಹೇಳಿತ್ತು. ಇಲ್ಲದಿದ್ದರೆ ಅದು ಬಿದ್ದುಹೋಗುತ್ತದೆ. ಇಪ್ಪತ್ತು ವರ್ಷ ಉತ್ತವನು ಕೋರ್ಟಿನಲ್ಲಿ ಸೋಲುತ್ತಿದ್ದ, ಆ ನೆಲ ಮೆಟ್ಟದವನು ಗೆಲ್ಲುತ್ತಿದ್ದ. ಹಾಗೆ ಸೋತವನಿಗೆ, ಪಾಪ, ಕಟ್ಟಿದ ಮನೆಗೂ ಹಸನು ಮಾಡಿದ ಹೊಲಕ್ಕೂ ಗೆದ್ದವನು ಪರಿಹಾರ ಕೊಡಲಿ ಅಂತ ಕೆಂಟಕಿ ಸರ್ಕಾರ 1797ರಲ್ಲೂ 1812ರಲ್ಲೂ ಕಾನೂನು ಮಾಡಿತು. 1823ರಲ್ಲಿ ಗ್ರೀನ್ ಮತ್ತು ಬಿಡಲ್ ಮೊಕದ್ದಮೆಯಲ್ಲಿ ದೇಶದ ಸುಪ್ರೀಂ ಕೋರ್ಟು ಅವುಗಳನ್ನೂ ತಳ್ಳಿಹಾಕಿತು. ರಾಜ್ಯ ಬೇರೆಯಾಗುವಾಗ ಹಳೆಯ ಹಕ್ಕುಗಳನ್ನು ವರ್ಜೀನಿಯಾ ಕಾನೂನಿನಂತೆಯೇ ತೀರ್ಮಾನಿಸುತ್ತೇವೆ ಅಂತ ಮಾತು ಕೊಟ್ಟಿದ್ದರಲ್ಲ, ಅದಕ್ಕೆ ಇದು ವಿರುದ್ಧ ಅಂತ.

* * *

ಇದೆಲ್ಲ ಓದುಬರಹ ಬಾರದ ಬಡಪಾಯಿಗಳ ಪಾಡು ಅಂದುಕೊಳ್ಳಬೇಡಿ. ಡೇನಿಯಲ್ ಬೂನ್ ಹೆಸರು ಕೇಳಿರಬಹುದು. ಕೆಂಟಕಿಗೆ ದಾರಿ ಕಡಿದವನು, ಇಲ್ಲಿನ ಮಕ್ಕಳ ಪುಸ್ತಕದ ವೀರ. 1780ರಲ್ಲಿ ತನ್ನದೂ ನೆರೆಯವರದೂ ಹಣ ಸೇರಿಸಿ ಸುಮಾರು 20,000 ಡಾಲರ್ ಕಾಗದದ ದುಡ್ಡು ಹೊತ್ತುಕೊಂಡು ವಾರಂಟ್ ಕೊಳ್ಳಲು ವರ್ಜೀನಿಯಾಕ್ಕೆ ಹೊರಟ. ದಾರಿಯಲ್ಲಿ ಒಂದು ಛತ್ರದಲ್ಲಿ ಮಲಗಿದ್ದಾಗ ಅಷ್ಟೂ ಕಳುವಾಯಿತು. ಕೆಲವರು ಮಾಫಿ ಮಾಡಿದರು, ಉಳಿದವರಿಗೆ ವರ್ಷಗಟ್ಟಲೆ ತೀರಿಸಿದ.

ಆಮೇಲೆ ಬೂನ್ ತಾನೇ ಸರ್ವೆಯರ್ ಆದ. ಊರಿನವರ ಜಮೀನೆಲ್ಲ ಅಳೆದ. ತಾನೂ ಹತ್ತಾರು ಸಾವಿರ ಎಕರೆಗೆ ಹಕ್ಕು ಹಾಕಿದ. ಆದರೆ ಬರೆಸುವುದು ಒಂದು ಕಡೆ ತಪ್ಪಿದರೆ, ಅಳತೆ ಇನ್ನೊಂದು ಕಡೆ ಬಿಟ್ಟುಹೋಗುತ್ತಿತ್ತು. ಮಾರಿದ ಜಮೀನಿಗೆ ಬೇರೆ ವಾರಸುದಾರ ಹುಟ್ಟಿಕೊಂಡರೆ ಕೊಂಡವನಿಗೆ ದುಡ್ಡು ವಾಪಸ್ ಕೊಡಬೇಕು. ಕೊಟ್ಟೂ ಕೊಟ್ಟೂ ಸಾಕಾದ. 1798ರಲ್ಲಿ ಕೆಂಟಕಿ ಸರ್ಕಾರ ಒಂದು ಕೌಂಟಿಗೆ ಬೂನ್ ಅಂತ ಹೆಸರಿಟ್ಟು ಗೌರವಿಸಿತು. ಅದೇ ವರ್ಷ ಒಂದು ಮೊಕದ್ದಮೆಯಲ್ಲಿ ಸಾಕ್ಷಿಗೆ ಬರಲಿಲ್ಲ ಅಂತ ಅವನ ಮೇಲೆ ಬಂಧನದ ವಾರಂಟೂ ಹೊರಟಿತು! ಮರುವರ್ಷ ಅವನು ಸ್ಪೇನಿನ ಆಳ್ವಿಕೆಯಲ್ಲಿದ್ದ ಮಿಸೌರಿಗೆ ಹೋದ. ಅಲ್ಲಿ ಸುಮಾರು 850 ಎಕರೆ ಕೊಟ್ಟರು. 1803ರಲ್ಲಿ ಆ ಪ್ರಾಂತ್ಯವನ್ನು ಅಮೆರಿಕವೇ ಕೊಂಡುಕೊಂಡಿತು, ಕಾಗದ ಸರಿಯಿಲ್ಲ ಅಂತ 1809ರಲ್ಲಿ ಆ ಜಮೀನೂ ಹೋಯಿತು. 1814ರಲ್ಲಿ ಕಾಂಗ್ರೆಸ್ ಕರುಣೆ ತೋರಿ ಮರಳಿ ಕೊಟ್ಟಾಗ, ಕೆಂಟಕಿಯ ಹಳೇ ಸಾಲಗಾರರಿಗೆ ತೀರಿಸಲು ಬಹುಪಾಲು ಮಾರಿದ. ದಾರಿ ಕಡಿದವನಿಗೆ ಕಡೆಗೆ ಮಿಕ್ಕಿದ್ದು ಇಷ್ಟು.

* * *

ಈಗ ಲಿಂಕನ್ ಮನೆತನಕ್ಕೆ ಬರೋಣ. ಅಧ್ಯಕ್ಷ ಲಿಂಕನ್ನನ ತಾತನ ಹೆಸರೂ ಅಬ್ರಹಾಂ ಲಿಂಕನ್ನೇ. ವರ್ಜೀನಿಯಾದ ಜಮೀನು ಮಾರಿ, ವಾರಂಟ್ ಕೊಂಡು, 1780ರ ದಶಕದ ಮೊದಲಲ್ಲಿ ಹೆಂಡತಿ ಮಕ್ಕಳೊಂದಿಗೆ ಬೆಟ್ಟ ದಾಟಿದ. ಲಾಂಗ್ ರನ್ ಅನ್ನುವ ತೊರೆಯ ಪಕ್ಕ 400 ಎಕರೆ ಅಳೆಸಿದ. ಆ ತೊರೆ ನಾನಿರುವ ಈ ಕೌಂಟಿಯಲ್ಲೇ ಇದೆ. 1786ರ ಮೇ ತಿಂಗಳಲ್ಲಿ ಹೊಲದಲ್ಲಿ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದಾಗ ಮೂಲನಿವಾಸಿಗಳ ಗುಂಡಿಗೆ ಸತ್ತ. ಹೆಣದ ಪಕ್ಕ ಕೂತಿದ್ದ ಎಂಟು ವರ್ಷದ ಕಿರಿಯ ಮಗ ಥಾಮಸ್ಸನ ಕಡೆ ಒಬ್ಬ ಬರುತ್ತಿದ್ದನಂತೆ, ದೊಡ್ಡಣ್ಣ ಮೊರ್ಡಿಕಾಯ್ ಮನೆಯೊಳಗಿಂದ ಗುಂಡು ಹಾರಿಸಿ ತಮ್ಮನನ್ನು ಉಳಿಸಿದನಂತೆ. ಇದು ಮನೆತನದವರು ಹೇಳಿಕೊಂಡು ಬಂದ ಕಥೆ.

ತಾತನ ಹೆಸರಿನಲ್ಲಿ 5000 ಎಕರೆಗೂ ಮೇಲೆ ಇತ್ತು. ಥಾಮಸ್ಸನಿಗೆ ಎಷ್ಟು ಬಂತು? ಸೊನ್ನೆ. ಉಯಿಲು ಇಲ್ಲದೆ ಸತ್ತರೆ ಎಲ್ಲ ಹಿರಿಯ ಮಗನಿಗೆ ಅನ್ನುವುದು ಆಗಿನ ಕಾನೂನು. ಈ ಪದ್ಧತಿ ಕಿತ್ತುಹಾಕಿ ಎಲ್ಲ ಮಕ್ಕಳಿಗೂ ಸಮಪಾಲು ಅನ್ನುವ ಕಾನೂನನ್ನು ವರ್ಜೀನಿಯಾ 1785ರಲ್ಲೇ ಮಾಡಿತ್ತು, ಆದರೆ ಜಾರಿಗೆ ಬಂದದ್ದು 1787ರ ಜನವರಿ 1ರಂದು. ಅಪ್ಪ ಇನ್ನೊಂದು ಎಂಟು ತಿಂಗಳು ಬದುಕಿದ್ದರೆ ಮಗ ಸ್ಥಿತಿವಂತನಾಗುತ್ತಿದ್ದ. ಥಾಮಸ್ ಕೂಲಿ ಮಾಡಿ, ಬಡಗಿ ಕೆಲಸ ಕಲಿತು ದೊಡ್ಡವನಾದ.

1803ರಲ್ಲಿ ಅವನು ತನ್ನ ದುಡಿಮೆಯ ದುಡ್ಡಿನಲ್ಲಿ ಮಿಲ್ ಕ್ರೀಕ್ ಅನ್ನುವ ಕಡೆ 238 ಎಕರೆ ಕೊಂಡ, 118 ಪೌಂಡಿಗೆ. ಅಳತೆ ತಪ್ಪಾಗಿತ್ತು. 1814ರಲ್ಲಿ ಮಾರುವ ಹೊತ್ತಿಗೆ 200 ಎಕರೆ ಮಾತ್ರ ಅಂತ ಲೆಕ್ಕ, ಬಂದದ್ದು 100 ಪೌಂಡು. ಹನ್ನೊಂದು ವರ್ಷ ಇಟ್ಟುಕೊಂಡು 38 ಎಕರೆಯೂ 18 ಪೌಂಡೂ ನಷ್ಟ.

1808ರ ಡಿಸೆಂಬರಿನಲ್ಲಿ ಸಿಂಕಿಂಗ್ ಸ್ಪ್ರಿಂಗ್ ಅನ್ನುವಲ್ಲಿ 300 ಎಕರೆ ಕೊಂಡ. 200 ಡಾಲರ್ ನಗದು, ಜೊತೆಗೆ ಹಿಂದಿನವರ ಒಂದು ಸಣ್ಣ ಬಾಕಿ ಇವನ ತಲೆಗೆ. ಎರಡು ತಿಂಗಳಿಗೆ, 1809ರ ಫೆಬ್ರವರಿ 12ರಂದು, ಅಲ್ಲಿನ ಮರದ ದಿಮ್ಮಿಯ ಗುಡಿಸಲಲ್ಲಿ ಅಬ್ರಹಾಂ ಹುಟ್ಟಿದ. ಆ ಜಮೀನು ಥಾಮಸ್ಸನ ಕೈಗೆ ಬರುವ ಮೊದಲೇ ಕೈಯಿಂದ ಕೈಗೆ ದಾಟಿತ್ತು. ಅದರಲ್ಲಿ ಒಬ್ಬ ತಾನು ಕೊಡಬೇಕಾದ ಪೂರ್ತಿ ಹಣ ಕೊಟ್ಟಿರಲಿಲ್ಲ. ಮೊದಲಿಗೆ ಮಾರಿದವನು 1813ರಲ್ಲಿ ಕೋರ್ಟಿಗೆ ಹೋದ. ಮಧ್ಯದವನ ಬಾಕಿಗೆ ಕೊನೆಯವನ ಜಮೀನು ಹರಾಜಾಯಿತು. 300 ಎಕರೆಯೂ ಹೋಯಿತು, ಕೊಟ್ಟ 200 ಡಾಲರೂ ಹೋಯಿತು.

ಈ ಗಲಾಟೆಯ ನಡುವೆ 1811ರಲ್ಲೇ ಅವರು ಸುಮಾರು ಹತ್ತು ಮೈಲಿ ದೂರದ ನಾಬ್ ಕ್ರೀಕ್ ಕಣಿವೆಗೆ ಹೋಗಿ 30 ಎಕರೆ ಗೇಣಿಗೆ ಹಿಡಿದಿದ್ದರು. ಒಳ್ಳೆಯ ನೆಲ. ಅಬ್ರಹಾಮನಿಗೆ ಬುದ್ಧಿ ಬಂದ ಮೇಲಿನ ಮೊದಲ ನೆನಪುಗಳೆಲ್ಲ ಅಲ್ಲಿಯವೇ. 1815ರಲ್ಲಿ ಅಲ್ಲಿಗೂ ಕೋರ್ಟಿನ ಕಾಗದ ಬಂತು. ಬೇರೆ ರಾಜ್ಯದಲ್ಲಿದ್ದ ಯಾರದೋ ವಾರಸುದಾರರು ಆ ಕಣಿವೆ ತಮ್ಮ 10,000 ಎಕರೆಯ ಹಳೇ ಹಕ್ಕಿನೊಳಗೆ ಬರುತ್ತದೆ, ಇವರನ್ನು ಎಬ್ಬಿಸಿ ಅಂತ ದಾವೆ ಹೂಡಿದ್ದರು. ದಾವೆ ಬಿದ್ದ ಹತ್ತು ರೈತರಲ್ಲಿ ಥಾಮಸ್ ಒಬ್ಬ.

ಈ ಮೂರೂ ಕಡೆ ಥಾಮಸ್ ಮಾಡಿದ ತಪ್ಪೇನು ಅಂತ ಹುಡುಕಿದೆ. ಒಂದು ಕಡೆ ಅಳತೆಯವರ ತಪ್ಪು, ಇನ್ನೊಂದು ಕಡೆ ಹಿಂದಿನವನ ಬಾಕಿ, ಮತ್ತೊಂದು ಕಡೆ ಒಂದರ ಮೇಲೊಂದು ಹೊದಿಸಿದ ಹೆಂಚು. ಇವನು ದುಡ್ಡು ಕೊಟ್ಟ, ಉತ್ತ, ತೆರಿಗೆ ಕಟ್ಟಿದ. ಸೋಮಾರಿ ಅಪ್ಪ, ಪ್ರತಿಭಾವಂತ ಮಗ ಅಂತ ಶಾಲೆಯ ಪಾಠಗಳ ಧಾಟಿ ಇರುತ್ತದಲ್ಲ, ಅದನ್ನು ಓದಿ ಬೆಳೆದ ನನಗೆ ಥಾಮಸ್ಸನ ಬಗ್ಗೆ ಸ್ವಲ್ಪ ನಾಚಿಕೆಯೇ ಆಯಿತು.

1816ರ ಡಿಸೆಂಬರಿನಲ್ಲಿ ಸಾಮಾನು ಕಟ್ಟಿಕೊಂಡು ಓಹಿಯೋ ನದಿ ದಾಟಿ ಇಂಡಿಯಾನಾಕ್ಕೆ ಹೋದರು. ಮಗನಿಗೆ ಆಗ ಏಳು ವರ್ಷ. 1860ರಲ್ಲಿ ಚುನಾವಣೆಗೆ ನಿಂತಾಗ ಬರೆದುಕೊಟ್ಟ ಆತ್ಮವೃತ್ತಾಂತದಲ್ಲಿ ಲಿಂಕನ್ ಇದಕ್ಕೆ ಎರಡು ಕಾರಣ ಹೇಳಿದ್ದಾನೆ. ಒಂದಿಷ್ಟು ಗುಲಾಮಗಿರಿ, ಮುಖ್ಯವಾಗಿ ಕೆಂಟಕಿಯ ಜಮೀನು ಹಕ್ಕಿನ ತೊಂದರೆ. ಗುಲಾಮಗಿರಿ ಕಿತ್ತೊಗೆದವನು ಎಂದೇ ಹೆಸರಾಗಬೇಕಿದ್ದ ಮನುಷ್ಯ, ಆ ಪಟ್ಟಿಯಲ್ಲಿ ಜಮೀನನ್ನೇ ಮುಖ್ಯ ಕಾರಣವಾಗಿ ಬರೆದಿದ್ದಾನೆ.

* * *

ನದಿಯ ಆಚೆ ಏನು ಬೇರೆ ಇತ್ತು? ನೆಲ ಅದೇ, ಮರ ಅದೇ. ಅಳತೆ ಬೇರೆ ಇತ್ತು. ಕೆಂಟಕಿಯ ಪಾಡು ನೋಡಿದ್ದ ಹೊಸ ದೇಶದ ಕಾಂಗ್ರೆಸ್ 1785ರಲ್ಲಿ ಒಂದು ಕಾನೂನು ಮಾಡಿತು: ಓಹಿಯೋ ನದಿಯ ಉತ್ತರದ ನೆಲವನ್ನು ಮೊದಲು ಅಳೆಯಬೇಕು, ಆಮೇಲೆ ಮಾರಬೇಕು. ಇಷ್ಟೇ ವ್ಯತ್ಯಾಸ! ಉತ್ತರ ದಕ್ಷಿಣ, ಪೂರ್ವ ಪಶ್ಚಿಮ ಗೆರೆ ಎಳೆದು ಆರು ಮೈಲಿಗೆ ಆರು ಮೈಲಿಯ ಚೌಕ. ಅದಕ್ಕೆ ಟೌನ್‌ಶಿಪ್ ಅಂತ ಹೆಸರು. ಅದರೊಳಗೆ 640 ಎಕರೆಯ 36 ತುಂಡು, ಪ್ರತಿಯೊಂದಕ್ಕೂ ನಂಬರು. 16ನೇ ನಂಬರಿನ ತುಂಡು ಶಾಲೆಗೆ ಮೀಸಲು. ಥಾಮಸ್ ಹಚಿನ್ಸ್ ಎಂಬುವವರು 1785ರ ಸೆಪ್ಟೆಂಬರ್ 30ರಂದು ಓಹಿಯೋ ನದಿಯ ದಡದಲ್ಲಿ, ಪೆನ್ಸಿಲ್ವೇನಿಯಾದ ಗಡಿಯಲ್ಲಿ, ಮೊದಲ ಗೆರೆ ಶುರುಮಾಡಿದರು. ವಿಮಾನದಲ್ಲಿ ಬರುವಾಗ ಕೆಳಗೆ ನೋಡಿ, ಓಹಿಯೋದಿಂದ ಪಶ್ಚಿಮಕ್ಕೆ ಹೊಲಗಳೆಲ್ಲ ಚದುರಂಗದ ಮಣೆ. ಕೆಂಟಕಿ ಬಂದ ಕೂಡಲೇ ಮಗು ಗೀಚಿದ ಹಾಗೆ ಅಂಕುಡೊಂಕು.

ಅವರು ಅಳೆದ ಸರಪಳಿ ನಮಗೂ ನಂಟು. ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞ 1620ರ ಸುಮಾರಿಗೆ ಬಳಕೆಗೆ ತಂದ 66 ಅಡಿಯ, 100 ಕೊಂಡಿಗಳ ಸರಪಳಿ ಅದು. 80 ಸರಪಳಿಗೆ ಒಂದು ಮೈಲಿ, 10 ಚದರ ಸರಪಳಿಗೆ ಒಂದು ಎಕರೆ. ಬ್ರಿಟಿಷರ ಕಾಲದ ಸರ್ವೆಯಲ್ಲಿ ನಮ್ಮ ಕಡೆ ಬಳಸಿದ್ದು ಅದರ ಅರ್ಧ, 33 ಅಡಿಯ ಸರಪಳಿ. 33 ಅಡಿಗೆ 33 ಅಡಿ ಗುಣಿಸಿ, 1089 ಚದರ ಅಡಿ. ಅದೇ ನಮ್ಮ ಗುಂಟೆ! ಅಂಥ 40 ಸೇರಿದರೆ ಒಂದು ಎಕರೆ. (ಗಂಟರ್, ಗುಂಟೆ ಅಂತ ಹೆಸರಿನ ಹೋಲಿಕೆಗೆ ಮರುಳಾಗಬೇಡಿ, ನಾನು ಹೇಳುತ್ತಿರುವುದು ಅಳತೆ ಮಾತ್ರ.) ನಮ್ಮಪ್ಪ ಹೊಡೆದಾಡುತ್ತಿರುವ ಒಂಬತ್ತು ಗುಂಟೆಯೂ, ಥಾಮಸ್ ಲಿಂಕನ್ನನ ಕ್ವಾರ್ಟರ್ ಸೆಕ್ಷನ್ನೂ ಒಂದೇ ಸರಪಳಿಯ ಮಕ್ಕಳು.

1817ರ ಅಕ್ಟೋಬರಿನಲ್ಲಿ ಥಾಮಸ್ ವಿನ್ಸೆನ್ಸ್ ಊರಿನ ಸರ್ಕಾರಿ ಭೂ ಕಚೇರಿಗೆ ಹೋಗಿ 160 ಎಕರೆ ಬರೆಸಿಕೊಂಡ, ಎಕರೆಗೆ 2 ಡಾಲರ್, ಕಂತಿನ ಮೇಲೆ. ಬರೆಸಿದ್ದು ಬರೀ ನಂಬರು. ಟೌನ್‌ಶಿಪ್ ಇಷ್ಟು, ಸೆಕ್ಷನ್ 32, ಅದರ ನೈಋತ್ಯದ ಕಾಲುಭಾಗ. ತೊರೆಯಿಲ್ಲ, ಬೀಚ್ ಮರವಿಲ್ಲ. ಅಲ್ಲೂ ಸುಖವೇನೂ ಕಾದಿರಲಿಲ್ಲ. ಮರುವರ್ಷವೇ ಹೆಂಡತಿ ನ್ಯಾನ್ಸಿ ವಿಷದ ಗಿಡ ತಿಂದ ಹಸುವಿನ ಹಾಲಿನಿಂದ ಬರುವ ಕಾಯಿಲೆಗೆ ತೀರಿಕೊಂಡಳು. ಕಂತು ಕಟ್ಟುವುದೂ ಆಗಲಿಲ್ಲ. ಕಡೆಗೆ 1827ರಲ್ಲಿ ಅರ್ಧ ಜಮೀನು ಸರ್ಕಾರಕ್ಕೇ ಬಿಟ್ಟುಕೊಟ್ಟು ಉಳಿದ 80 ಎಕರೆಗೆ ಹಕ್ಕುಪತ್ರ ಪಡೆದ. ಆದರೆ ಆ 80 ಎಕರೆಗೆ ಬಂದು ಇದು ನನ್ನದು ಅಂದವರು ಯಾರೂ ಇಲ್ಲ.

ಮಗ ಮುಂದೆ ಇಲಿನಾಯ್‌ನಲ್ಲಿ, 1833ರಲ್ಲಿ, ಹೊಟ್ಟೆಪಾಡಿಗೆ ಹಿಡಿದ ಕೆಲಸ ಯಾವುದು ಗೊತ್ತೆ? ಸರ್ವೆಯರ್. ಮರುವರ್ಷ ಅಂಗಡಿ ಸಾಲಕ್ಕೆ ಅವನ ದಿಕ್ಸೂಚಿ, ಸರಪಳಿ, ಕುದುರೆ ಎಲ್ಲ ಹರಾಜಿಗೆ ಬಂದವು. ಸ್ನೇಹಿತನೊಬ್ಬ ಕೊಂಡು ಮರಳಿ ಅವನ ಕೈಗೇ ಕೊಟ್ಟ. ಆಮೇಲೆ ವಕೀಲನಾದ. ಅಪ್ಪನನ್ನು ಮುಳುಗಿಸಿದ ಎರಡು ವಿದ್ಯೆಯನ್ನೂ ಮಗ ಕಲಿತ.

* * *

ಇಲ್ಲಿಗೇ ಮುಗಿಸಿದರೆ ಇದು ನೇರ ಗೆರೆ ಗೆದ್ದ ಕಥೆಯಾಗುತ್ತದೆ. ಆದರೆ ಹಕ್ಕುಪತ್ರದ ಸರಪಳಿಯನ್ನು ಹಿಂದಕ್ಕೆ ಎಳೆಯುತ್ತಾ ಹೋದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಮೊದಲು ಮಾರಿದವರು ಯಾರು?

1768ರಲ್ಲಿ ಇರೊಕ್ವಾ ಜನ ಫೋರ್ಟ್ ಸ್ಟ್ಯಾನ್‌ವಿಕ್ಸ್ ಒಪ್ಪಂದದಲ್ಲಿ ಓಹಿಯೋ ನದಿಯ ದಕ್ಷಿಣದ ನೆಲವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು. 1775ರಲ್ಲಿ ರಿಚರ್ಡ್ ಹೆಂಡರ್ಸನ್ ಎಂಬ ವ್ಯಾಪಾರಿ ಚೆರೋಕಿ ಜನರಿಂದ ಸುಮಾರು 2 ಕೋಟಿ ಎಕರೆಯನ್ನು 10,000 ಪೌಂಡ್ ಬೆಲೆಯ ಸರಕಿಗೆ ಕೊಂಡ. ಎರಡೂ ಸಲ ಕೆಂಟಕಿಯ ಕಾಡು ಬಿಕರಿಯಾಯಿತು. ಆ ಕಾಡಿನಲ್ಲಿ ಬೇಟೆಯಾಡಿ ಬದುಕುತ್ತಿದ್ದ ಶಾನೀ ಜನರನ್ನು ಎರಡೂ ಸಲ ಯಾರೂ ಕೇಳಲಿಲ್ಲ. ಅವರ ಬಾಯಿಂದ ಒಪ್ಪಿಗೆ ಹೊರಟದ್ದು 1774ರ ಯುದ್ಧದಲ್ಲಿ ಸೋತ ಮೇಲೆ. ಚೆರೋಕಿಗಳಲ್ಲೇ ಡ್ರ್ಯಾಗಿಂಗ್ ಕೆನೂ ಎಂಬ ತರುಣ ನಾಯಕ ಮಾರಾಟ ಬೇಡ ಅಂತ ವಿರೋಧಿಸಿ ಎದ್ದುಹೋದ. ಹೆಂಡರ್ಸನ್ನನ ಕ್ರಯವನ್ನು ವರ್ಜೀನಿಯಾ 1778ರಲ್ಲಿ ಅಸಿಂಧು ಅಂದಿತು. ನೆಲ ಮಾತ್ರ ಚೆರೋಕಿಗಳಿಗೆ ಮರಳಲಿಲ್ಲ, ವರ್ಜೀನಿಯಾದ ಹತ್ತಿರವೇ ಉಳಿಯಿತು. ಹೆಂಚಿನ ಮೇಲೆ ಹೆಂಚು ಅಂದೆನಲ್ಲ, ಅದು 1779ರಲ್ಲಿ ಶುರುವಾದದ್ದೇ ಅಲ್ಲ. ಎಲ್ಲಕ್ಕಿಂತ ಕೆಳಗಿನ ಹೆಂಚು ಇದು.

ಇಂಡಿಯಾನಾದ ಚೌಕಗಳೂ ಹಾಗೇ. ಥಾಮಸ್ ಕೊಂಡ ನೆಲವನ್ನು ಡೆಲವೇರ್ ಮತ್ತು ಪಿಯಾಂಕಿಶಾ ಜನರು 1804ರ ಒಪ್ಪಂದದಲ್ಲಿ ಬಿಟ್ಟುಕೊಟ್ಟಿದ್ದರು, ಲಿಂಕನ್ ಕುಟುಂಬ ಬರುವುದಕ್ಕೆ ಹನ್ನೆರಡೇ ವರ್ಷ ಮೊದಲು. 1823ರಲ್ಲಿ ಜಾನ್ಸನ್ ಮತ್ತು ಮ್ಯಾಕಿಂಟಾಶ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಟ್ಟಾರೆ ತೀರ್ಮಾನವನ್ನೇ ಕೊಟ್ಟುಬಿಟ್ಟಿತು. ನೆಲ ಕಂಡುಹಿಡಿದ ಯುರೋಪಿನ ದೊರೆಗೂ ಅವನ ಉತ್ತರಾಧಿಕಾರಿಯಾದ ಸರ್ಕಾರಕ್ಕೂ ಒಡೆತನ, ಇಂಡಿಯನ್ನರಿಗೆ ಇರುವುದು ವಾಸದ ಹಕ್ಕು, ಅದನ್ನು ಕೊಳ್ಳಲು ಸರ್ಕಾರಕ್ಕೆ ಮಾತ್ರ ಅಧಿಕಾರ. (ಇಲ್ಲಿ ನನ್ನನ್ನೂ ಇಂಡಿಯನ್ ಅಂತಲೇ ಕರೆಯುತ್ತಾರೆ. ಓದುವಾಗ ಒಂದು ಕ್ಷಣ ಎದೆ ಧಸಕ್ಕೆಂದಿತು!) ಈ ಮೊಕದ್ದಮೆಯ ಎರಡು ಕಡೆಯವರ ಜಮೀನು ಒಂದರ ಮೇಲೊಂದು ಬಂದೇ ಇರಲಿಲ್ಲ ಅಂತ ಈಚಿನ ಸಂಶೋಧಕರು ನಕ್ಷೆ ಹಾಕಿ ತೋರಿಸಿದ್ದಾರೆ. ಕೆಂಟಕಿಯ ಅಷ್ಟೊಂದು ನಿಜವಾದ ತಕರಾರುಗಳ ಕಾಲದಲ್ಲೇ, ಇಲ್ಲದ ತಕರಾರಿನ ಮೇಲೆ ಇಡೀ ದೇಶದ ಮೂಲ ಒಡೆತನ ತೀರ್ಮಾನವಾಯಿತು.

1862ರ ಮೇ 20ರಂದು ಅಧ್ಯಕ್ಷ ಲಿಂಕನ್ ಹೋಮ್‌ಸ್ಟೆಡ್ ಕಾನೂನಿಗೆ ಸಹಿ ಹಾಕಿದ. ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಿದವರಿಗೆ 160 ಎಕರೆ. ಅಪ್ಪ ವಿನ್ಸೆನ್ಸ್‌ನಲ್ಲಿ ಬರೆಸಿಕೊಂಡಷ್ಟೇ ಎಕರೆ, ಅದೇ ಚೌಕ, ಆದರೆ ಈಗ ಕಂತಿನ ಗೋಳಿಲ್ಲ. ಆ ಕಾನೂನಿನಡಿ ಒಟ್ಟು ಸುಮಾರು 27 ಕೋಟಿ ಎಕರೆ ಹಂಚಿಕೆಯಾಯಿತು. ಜಮೀನು ಕಳೆದುಕೊಂಡವನ ಮಗ, ಜಮೀನಿಲ್ಲದವರಿಗೆ ಜಮೀನು ಕೊಟ್ಟ. ಅದು ಮೊದಲು ಯಾರದಾಗಿತ್ತು ಅನ್ನುವ ಪ್ರಶ್ನೆ ಆ ಚೌಕದೊಳಗೆ ಬರಲೇ ಇಲ್ಲ.

* * *

ಕಳೆದ ಭಾನುವಾರ ಹಾಡ್ಜನ್‌ವಿಲ್ ಊರಿನ ಹತ್ತಿರ ಇರುವ ಲಿಂಕನ್ ಜನ್ಮಸ್ಥಳಕ್ಕೆ ಹೋಗಿದ್ದೆ. 56 ಮೆಟ್ಟಿಲು ಹತ್ತಿದರೆ ಗ್ರೀಕ್ ದೇವಸ್ಥಾನದಂಥ ಕಲ್ಲಿನ ಕಟ್ಟಡ. ಲಿಂಕನ್ ಬದುಕಿದ್ದು 56 ವರ್ಷ, ಅದಕ್ಕೆ. ಒಳಗೆ ಪುಟ್ಟ ದಿಮ್ಮಿಯ ಗುಡಿಸಲು. ಲಿಂಕನ್ ಹುಟ್ಟಿದ್ದು ಇದರಲ್ಲೇ ಅಂತ ಬಹಳ ಕಾಲ ನಂಬಿದ್ದರು. 2004ರಲ್ಲಿ ಮರದ ಬಳೆಗಳನ್ನು ಎಣಿಸಿ ನೋಡಿದಾಗ ದಿಮ್ಮಿಗಳು 1840ರ ದಶಕದವು ಅಂತ ತಿಳಿಯಿತು.

ನಿಜವಾದ ಸಾಕ್ಷಿ ಹೊರಗಿತ್ತು. ಗುಡಿಸಲಿದ್ದ ಜಾಗಕ್ಕೆ ಕೂಗಳತೆಯಲ್ಲಿ ಒಂದು ದೊಡ್ಡ ಬಿಳಿ ಓಕ್ ಮರ. 1805ರ ಅಳತೆಯಲ್ಲಿ ಅದನ್ನು ಗಡಿಯ ಗುರುತು ಅಂತ ಬರೆದಿದ್ದರು. ಹಾಗಾಗಿ ಅದರ ಹೆಸರೇ ಗಡಿ ಓಕ್. ಥಾಮಸ್ ಜಮೀನು ಕಳೆದುಕೊಂಡ ಮೇಲೂ, ಮಗ ಅಧ್ಯಕ್ಷನಾಗಿ ಗುಂಡಿಗೆ ಸತ್ತ ಮೇಲೂ ಅದು ನಿಂತೇ ಇತ್ತು. 1976ರಲ್ಲಿ ಒಣಗಿತು. ಆ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತೆ. ಹುಲ್ಲು ಬಿಟ್ಟರೆ ನೋಡಲು ಏನೂ ಇರಲಿಲ್ಲ.

ವಾಪಸ್ ಬಂದು ಅಪ್ಪನಿಗೆ ಫೋನ್ ಮಾಡಿದೆ. ಪಕ್ಕದವರು ಹದ್ದುಬಸ್ತು ಅಳತೆಗೆ ಒಪ್ಪಿದ್ದಾರಂತೆ, ಅರ್ಜಿಗೆ ಇಬ್ಬರೂ ಸೇರಿ ಸಹಿ ಹಾಕೋಣ ಅಂದಿದ್ದಾರಂತೆ. ಅಪ್ಪನಿಗೆ ಅಳುಕು. "ಅಳೆದರೆ ನಮ್ಮದೇ ಕಮ್ಮಿ ಬಂದರೆ ಏನಪ್ಪಾ?" ಅಂದರು. ನನಗೆ 238 ಎಕರೆ 200 ಆದದ್ದು ನೆನಪಾಯಿತು. ಬಂದರೆ ಬರಲಿ, ಆದರೆ ಈ ತಕರಾರು ನನ್ನ ಮಗಳವರೆಗೆ ಬರೋದು ಬೇಡ, ಸಹಿ ಹಾಕಿಬಿಡಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಆಯ್ತು" ಅಂದರು ಆಮೇಲೆ. "ಗೆರೆ ಎಲ್ಲಿ ಬಿದ್ದರೂ ಹುಣಸೆ ಮರ ಕಡಿಯೋದು ಬೇಡ ಅಂತ ಮಾತ್ರ ಇಬ್ಬರೂ ಮಾತಾಡಿಕೊಂಡಿದ್ದೀವಿ."